ಅವಳು ಕೂರುತ್ತಿದ್ದ ಬೆಂಚು

ಕೋತಗಿರಿಯ ನಮ್ಮ ಚರ್ಚಿನಲ್ಲಿ ಹೊಸಬರನ್ನು ಬರಮಾಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದದ್ದು ನಾನು ಶಾಲೆಯಿಂದ ನಿವೃತ್ತಳಾದ ವರ್ಷ. ನಮ್ಮದು ಮೈಸೂರು ಕಡೆಯಿಂದ ಬಂದು ಇಲ್ಲಿ ತರಕಾರಿ ವ್ಯಾಪಾರಕ್ಕೆ ನಿಂತ ಮನೆತನ. ಮನೆಯಲ್ಲಿ ಕನ್ನಡ, ಚರ್ಚಿನಲ್ಲಿ ತಮಿಳು. ಈ ಬೆಟ್ಟದ ಬಡಗರ ಮಾತನ್ನು ಶಾಲೆಯ ಮಕ್ಕಳೇ ಕಲಿಸಿದ್ದರು. ಮೂರೂ ಬರುತ್ತವೆ, ಬಾಗಿಲಲ್ಲಿ ನಿಲ್ಲಲು ನೀವೇ ಸರಿ ಎಂದರು ನಮ್ಮ ಸಭಾಪಾಲಕರು.

ಹೊಸಬರು ಬಂದರೆ ಕೈಮುಗಿದು ಹೆಸರು, ಊರು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದೆ. ಎರಡನೇ ಹಾಡು ಮುಗಿದ ಮೇಲೆ ಅವರು ಎದ್ದು ನಿಂತು ತಮ್ಮ ಪರಿಚಯ ಹೇಳಬೇಕು. ಸಭೆಯೆಲ್ಲ ಚಪ್ಪಾಳೆ ತಟ್ಟುತ್ತಿತ್ತು. "ಟೀಚರ್ ನಿಂತಿದ್ರೆ ಸ್ವಂತ ಮನೆಗೆ ಬಂದ ಹಾಗಿರುತ್ತೆ" ಎಂದು ಯಾರೋ ಹೇಳಿದ್ದನ್ನು ನಾನು ಎಷ್ಟೋ ದಿನ ಮನಸ್ಸಿನಲ್ಲೇ ಮೆಲುಕು ಹಾಕಿದ್ದೆ.

ಮಂಜು ಇನ್ನೂ ಬಿಟ್ಟಿರದ ಒಂದು ಭಾನುವಾರ ವಯಸ್ಸಾದ ಬಡಗ ಹೆಂಗಸೊಬ್ಬರು ಗೇಟಿನ ಬಳಿ ಬಂದು ನಿಂತರು. ಹಟ್ಟಿಯ ಹಿರಿಯ ಹೆಂಗಸರು ಉಡುವ ಹಾಗೆ ಬಿಳಿಯ ಉಡುಗೆ, ತಲೆಗೂ ಬಿಳಿ ಬಟ್ಟೆ. ಅವರು ನಮ್ಮ ಮತದವರಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಹಾಗಾಗಿ ನನಗೆ ಹುಮ್ಮಸ್ಸು ಇನ್ನಷ್ಟು ಹೆಚ್ಚಾಯಿತು. ಇಳಿದು ಹೋಗಿ ಕೈ ಹಿಡಿದು ಕರೆತಂದೆ. ಕೀಳ್ ಕೋತಗಿರಿ ಕಡೆಯ ಒಂದು ಹಟ್ಟಿಯ ಹೆಸರು ಹೇಳಿದರು. ಹಿಂದೆ ಕೂರುತ್ತೇನೆ ಎಂದರೂ ಬಿಡದೆ ಮುಂದೆ ಕೂರಿಸಿದೆ.

ಎರಡನೇ ಹಾಡಾಯಿತು. ನಾನು ಅವರ ಹತ್ತಿರ ಹೋಗಿ, "ಎದ್ದು ಎರಡು ಮಾತು ಹೇಳಿ ಅಮ್ಮ, ಎಲ್ಲರಿಗೂ ಸಂತೋಷ ಆಗುತ್ತೆ" ಎಂದೆ.

ಅವರು ಎದ್ದರು. ಸಭೆಯ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಾ, "ಎನ್ನ ಹೆಣ್ಣು ಇಲ್ಲಿಗೆ ಬರ್ತಿದ್ದಳು. ಎಲ್ಲಿ ಕೂರ್ತಿದ್ದಳು ಅಂತ ನೋಡೋಕೆ ಬಂದೆ" ಎಂದರು.

ರೂಢಿಯಂತೆ ಹಿಂದೆ ಯಾರೋ ಚಪ್ಪಾಳೆ ಶುರುಮಾಡಿದವರು ಎರಡೇ ಏಟಿಗೆ ನಿಲ್ಲಿಸಿಬಿಟ್ಟರು.

ಆಗ ನನಗೆ ನೆನಪಾಯಿತು. ಟೀ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ನಮ್ಮ ಸಭೆಯ ಹುಡುಗನನ್ನು ಮದುವೆಯಾಗಿ ಬಂದ ಹಟ್ಟಿಯ ಹುಡುಗಿ. ತವರಿನವರು ಬಾಗಿಲು ಮುಚ್ಚಿದ್ದರು. ಗಂಡನಿಗೆ ಶಿಫ್ಟ್ ಇದ್ದ ಭಾನುವಾರ ಒಬ್ಬಳೇ ಬಂದು ಹೋಗುತ್ತಿದ್ದಳು. ಎರಡು ವರ್ಷವೂ ತುಂಬಿರಲಿಲ್ಲ, ಜ್ವರ ಬಂದು ತೀರಿಕೊಂಡಳು. ನಮ್ಮ ಸ್ಮಶಾನದಲ್ಲೇ ಮಣ್ಣು ಮಾಡಿದೆವು. ತವರಿನಿಂದ ಯಾರೂ ಬಂದಿರಲಿಲ್ಲ. ಗಂಡ ತಿರುಪ್ಪೂರಿಗೆ ಹೋದ, ಆಮೇಲೆ ಅವನ ಸುದ್ದಿಯೇ ಇರಲಿಲ್ಲ. ಅದಾಗಿ ನಾಲ್ಕು ವರ್ಷ ಕಳೆದಿತ್ತು.

ಆರಾಧನೆ ಮುಗಿದು ಜನ ಚದುರಿದ ಮೇಲೆ ಆಕೆ ಅಲ್ಲೇ ನಿಂತಿದ್ದರು. "ಅವಳಪ್ಪ ಇರೋವರೆಗೂ ಬರೋಕೆ ಬಿಡಲಿಲ್ಲ. ಹೋದ ತಿಂಗಳು ಅವರೂ ಹೋದರು" ಎಂದು ಹೇಳಿ, "ಯಾವ ಬೆಂಚು ಟೀಚರಮ್ಮ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಆ ಹುಡುಗಿಗೆ ಬಾಗಿಲಲ್ಲಿ ಕೈಮುಗಿದವಳು ನಾನು, ಎಬ್ಬಿಸಿ ನಿಲ್ಲಿಸಿದವಳೂ ನಾನು. ಆಮೇಲಿನ ಭಾನುವಾರಗಳಲ್ಲಿ ಅವಳು ಎಲ್ಲಿ ಕೂತಳು, ಯಾರ ಜೊತೆ ಮಾತಾಡಿದಳು ಎಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಹೊಸಬಳಾಗಿದ್ದ ದಿನ ಮಾತ್ರ ಅವಳು ನನ್ನವಳಾಗಿದ್ದಳು.

ಕಿಟಕಿಯ ಪಕ್ಕದ ಬೆಂಚು ತೋರಿಸಿ, "ಇದೇ ಅಮ್ಮ" ಎಂದುಬಿಟ್ಟೆ.

ಆಕೆ ಹೋಗಿ ಅಲ್ಲಿ ಕೂತರು. ಮರದ ಮೇಲೆ ಅಂಗೈ ಇಟ್ಟು, ಮಗುವಿನ ಬೆನ್ನು ಸವರುವ ಹಾಗೆ ಮೆಲ್ಲಗೆ ಸವರಿದರು. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ.

ಮನೆಗೆ ಬಂದು ಹಳೆಯ ಪುಸ್ತಕ ತೆಗೆದೆ. ಅವಳ ಹೆಸರು, ಗಂಡನ ಹೆಸರು, ಊರು, ನನ್ನದೇ ದುಂಡನೆಯ ಅಕ್ಷರದಲ್ಲಿ ಇದ್ದವು. ಮುಖ ಮಾತ್ರ ಎಷ್ಟು ಯತ್ನಿಸಿದರೂ ಕಣ್ಣ ಮುಂದೆ ಬರಲಿಲ್ಲ.

ಮುಂದಿನ ಭಾನುವಾರವೂ ಆಕೆ ಬಂದರು. ನೇರವಾಗಿ ಕಿಟಕಿಯ ಪಕ್ಕದ ಬೆಂಚಿಗೆ ಹೋದರು. ಅದರ ಮರುವಾರವೂ ಹಾಗೆಯೇ. ಮೂರನೇ ವಾರ ನನ್ನಿಂದ ತಡೆಯಲಾಗಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ. ಬಸ್ಸು ಬರಲು ಇನ್ನೂ ಹೊತ್ತಿತ್ತು.

"ಅಮ್ಮ, ನಾನು ಸುಳ್ಳು ಹೇಳಿದೆ. ಅವಳು ಎಲ್ಲಿ ಕೂರುತ್ತಿದ್ದಳೋ ನನಗೆ ಗೊತ್ತಿಲ್ಲ. ಅವತ್ತು ಬಾಯಿಗೆ ಬಂದದ್ದು ಹೇಳಿಬಿಟ್ಟೆ."

ಆಕೆ ನನ್ನ ಕಡೆ ತಿರುಗಿದರು.

"ಯಾರಿಗೂ ಗೊತ್ತಿಲ್ವಾ?"

"ಕೇಳಿದೆ ಅಮ್ಮ. ಹಿಂದಿನ ಸಾಲು ಅಂತ ಒಬ್ಬರು, ಕಂಬದ ಹತ್ತಿರ ಅಂತ ಒಬ್ಬರು. ಖಂಡಿತ ಹೇಳುವವರು ಯಾರೂ ಇಲ್ಲ."

"ಅಷ್ಟು ಜನ ಇದ್ದೂ" ಎಂದರು ಆಕೆ. ಬೈದದ್ದಲ್ಲ, ತಮಗೆ ತಾವೇ ಹೇಳಿಕೊಂಡ ಹಾಗಿತ್ತು. ಬಸ್ಸು ಬಂತು. ತಿರುಗಿ ನೋಡದೆ ಹತ್ತಿದರು.

ಇನ್ನು ಬರಲಾರರು ಎಂದುಕೊಂಡೆ. ಆ ವಾರ ಸಭಾಪಾಲಕರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಹೊಸಬರನ್ನು ಎಬ್ಬಿಸಿ ನಿಲ್ಲಿಸುವುದು ಬೇಡ ಎಂದು ಕೇಳಿಕೊಂಡೆ. ಅವರು ಒಪ್ಪಿದರು.

ಭಾನುವಾರ ಆಕೆ ಬಂದರು. ಕಿಟಕಿಯ ಕಡೆ ಹೋಗಲಿಲ್ಲ. ಕೊನೆಯ ಸಾಲಿನಲ್ಲಿ ಕೂತರು. ಮುಂದಿನ ಸಲ ಕಂಬದ ಹತ್ತಿರ. ಆಮೇಲೆ ಅದರ ಆಚೆಯ ಬೆಂಚು. ಒಂದೊಂದರಲ್ಲೂ ಕೂತು ನೋಡುತ್ತಿದ್ದಾರೆ ಎಂದು ನನಗೆ ತಿಳಿಯಲು ಸ್ವಲ್ಪ ದಿನ ಬೇಕಾಯಿತು. ತಿಳಿದ ದಿನ ಬಾಗಿಲ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿ ಅವರ ಪಕ್ಕ ಹೋಗಿ ಕೂತೆ. ಆಕೆ ಸ್ವಲ್ಪ ಸರಿದು ಜಾಗ ಬಿಟ್ಟರು.

ಹಾಡಿಗೆ ಎಲ್ಲರೂ ಎದ್ದೆವು. "ಈ ಹಾಡು ಅವಳಿಗೆ ಬರ್ತಿತ್ತಾ?" ಎಂದು ಕಿವಿಯ ಹತ್ತಿರ ಬಾಗಿ ಕೇಳಿದರು.

"ಗೊತ್ತಿಲ್ಲ ಅಮ್ಮ" ಎಂದೆ.

ತಲೆಯಾಡಿಸಿದರು. ಹಾಡು ಮುಗಿಯುವವರೆಗೆ ಇಬ್ಬರೂ ಹಾಗೆಯೇ ನಿಂತಿದ್ದೆವು.