ದನಗಳನ್ನು ತಡೆದ ಊರು

ಆ ನಾಟಕದಲ್ಲಿ ಕುದುರೆಗಳ ಹೆಜ್ಜೆಸದ್ದು ಇತ್ತು, ಅಷ್ಟು ಖಚಿತ. ಉಳಿದದ್ದನ್ನು ಅಷ್ಟೇ ಧೈರ್ಯದಿಂದ ಹೇಳಲಾರೆ.

ಅರವತ್ತರ ದಶಕದ ಕೊನೆಯ ಒಂದು ಬೇಸಿಗೆ. ಸಾಂಗ್ಲಿಯಲ್ಲಿ ಬಿ.ಎ. ಮುಗಿಸಿ, ನೌಕರಿಯ ದಾರಿ ಕಾಯುತ್ತ ಗಡಿಯ ಶೇಗಾಂವದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಅತ್ತೆ ಗಂಡನನ್ನು ಕಳೆದುಕೊಂಡವಳು. ಮನೆಯ ಮುಂಭಾಗದಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದಳು, ಊರ ಹೊರಗೆ ಆರೆಕರೆ ಒಣ ಹೊಲ ಮಾಡಿಸುತ್ತಿದ್ದಳು. ಅಂಗಡಿಯಲ್ಲಿ ಬ್ಯಾಟರಿಯ ಮೇಲೆ ನಡೆಯುವ ರೇಡಿಯೋ ಇತ್ತು. ಭಾನುವಾರ ಸಂಜೆ ಅದರ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದರೆ ಎಲ್ಲೋ ದೂರದ ಕೇಂದ್ರದಿಂದ ಒಂದು ಇಂಗ್ಲಿಷ್ ನಾಟಕ ಬರುತ್ತಿತ್ತು. ಅಮೆರಿಕದ ಬಯಲಿನ ಅಂಚಿನಲ್ಲೊಂದು ಊರು, ಅದನ್ನು ಕಾಯುವ ಒಬ್ಬ ಅಧಿಕಾರಿ. ದಕ್ಷಿಣದಿಂದ ಸಾವಿರಾರು ದನ ಹೊಡೆದುಕೊಂಡು ಒರಟರ ಗುಂಪೊಂದು ಬರುತ್ತಿದೆ. ಊರವರು ಬೀದಿಗೆ ಗಾಡಿ, ಪೀಪಾಯಿ ಅಡ್ಡ ಇಟ್ಟು ಬಂದೂಕು ಹಿಡಿದು ಕೂತಿದ್ದಾರೆ. ಪ್ರತಿ ವಾರ ಒಂದು ಕಂತು.

ನಡುನಡುವೆ ಅದನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಅಧಿಕಾರಿಯನ್ನು ಫೌಜದಾರ ಎಂದೆ; ಎಲ್ಲರಿಗೂ ಒಂದೇ ಸಲಕ್ಕೆ ತಿಳಿಯಿತು. ನನ್ನದು ಪುಸ್ತಕದ ಇಂಗ್ಲಿಷು. ಆ ಜನ ಮಾತನ್ನು ಅರ್ಧ ಮೂಗಿನಲ್ಲಿಟ್ಟುಕೊಂಡು ಅರ್ಧ ಆಡುತ್ತಿದ್ದರು. ಮೂರರಲ್ಲಿ ಒಂದು ವಾಕ್ಯ ತಿಳಿದರೆ ಉಳಿದೆರಡನ್ನು ನಾನೇ ಹೊಂದಿಸುತ್ತಿದ್ದೆ.

ಕೇಳುವವರು ಹೆಚ್ಚು ಮಂದಿಯಿಲ್ಲ. ಅತ್ತೆ ಒಳಗೆ ತಕ್ಕಡಿಯ ಹಿಂದೆ. ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಮಷೀನು ಇಟ್ಟುಕೊಂಡಿದ್ದ ದರ್ಜಿ. ಬೀದಿಯ ಆಚೆ, ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿಕೊಂಡು ಸನಮಡಿಯ ಕಡೆಯ ಒಬ್ಬ ಕುರಿಗಾರ. ವಯಸ್ಸಾದವನು, ಉದ್ದನೆಯ ಕಾಲು, ತಲೆಗೆ ಸುತ್ತಿದ ದೊಡ್ಡ ಹಳದಿ ಪಟಕ.

ಅವನು ಬೀದಿಯ ಆಚೆ ಯಾಕೆ ಕೂರುತ್ತಿದ್ದನೆಂದು ಹೇಳಬೇಕು. ನಮ್ಮಲ್ಲಿ ಸುಗ್ಗಿ ಮುಗಿದ ಮೇಲೆ ಬಿತ್ತನೆಗೆ ಮುಂಚೆ ಕುರಿಗಾರನನ್ನು ಕರೆದು ಹಿಂಡನ್ನು ಹೊಲದಲ್ಲಿ ಕೂಡ್ರಿಸಿಕೊಳ್ಳುತ್ತಾರೆ. ಮೂರು ನಾಲ್ಕು ರಾತ್ರಿ ಇನ್ನೂರು ಕುರಿ ಮಲಗಿ ಎದ್ದರೆ ಬೇರೆ ಗೊಬ್ಬರ ಬೇಡ. ಹೊಲದವರು ಕುರಿಗಾರನಿಗೆ ಜೋಳ ಕೊಡುತ್ತಾರೆ, ಮೊದಲ ಸಂಜೆ ಮನೆಯಿಂದ ರೊಟ್ಟಿ ಒಯ್ಯುತ್ತಾರೆ. ಅತ್ತೆಯ ಹೊಲದಲ್ಲಿ ಎಷ್ಟೋ ವರ್ಷದಿಂದ ಇವನದೇ ಹಿಂಡು. ಹಿಂದಿನ ವರ್ಷ ಮಾತ್ರ ಕುರಿಗಳು ಹೊಲದ ಮೂಲೆಯಲ್ಲಿ ಒಟ್ಟಿದ್ದ ಕಣಿಕೆಯ ಬಣವೆಗೆ ಬಾಯಿ ಹಾಕಿ ಅರ್ಧ ಬಣವೆ ಎಳೆದು ತುಳಿದುಬಿಟ್ಟಿದ್ದವು. ಎತ್ತುಗಳಿಗೆ ಇಟ್ಟ ಮೇವು ಅದು. ಅತ್ತೆ ನಾಲ್ಕು ಜನರ ಮುಂದೆ ಅವನಿಗೆ ಕಳ್ಳ ಎಂದಳು. ಅವನು, ನಿಮ್ಮ ಹೊಲದಲ್ಲಿ ಇನ್ನು ಕಾಲಿಡುವುದಿಲ್ಲ ಎಂದ. ಕಟ್ಟೆಗೂ ಅದನ್ನೇ ಅನ್ವಯಿಸಿಕೊಂಡ. ಬೇವಿನ ಗಿಡ ಸರಕಾರದ್ದು.

ಈ ವರ್ಷ ಮೇವು ಅರಸಿ ಹೋಗಿದ್ದ ಹಿಂಡು ಕೃಷ್ಣಾ ದಂಡೆಯಿಂದ ತಿರುಗಿ ಬಂದು ವಾರಗಳಾಗಿದ್ದವು. ಅತ್ತೆಯ ಹೊಲ ಬರಿದಾಗಿ ಬಿದ್ದಿತ್ತು. ಮಳೆಗೆ ಹದಿನೈದು ದಿನ ಉಳಿದಿರಬಹುದು. ಹಿಂಡು ಕೂರದೆ ಆ ಕಲ್ಲು ನೆಲದಲ್ಲಿ ಸಜ್ಜೆ ಮೊಣಕಾಲೆತ್ತರಕ್ಕೂ ಬರುವುದಿಲ್ಲವೆಂದು ಅವಳಿಗೆ ಗೊತ್ತು. ಬೇರೆ ಕುರಿಗಾರರನ್ನು ಅವಳು ಕರೆಯಲಿಲ್ಲ. ಇವನನ್ನೂ ಕರೆಯಲಿಲ್ಲ.

ಬಹುಶಃ ಎರಡನೆಯ ಕಂತಿನಲ್ಲಿ ಅವನು ಮೊದಲು ಬಾಯಿ ಬಿಟ್ಟದ್ದು.

"ತಮ್ಮಾ, ಆ ಊರ ಮಂದಿ ದನಾ ಯಾಕ ತಡಿಲಿಕ್ಕ ಹತ್ಯಾರ?"

"ದನಾ ತಂದಾವ್ರು ಪುಂಡರು ಅದಾರಜ್ಜಾ. ಊರು ಹಾಳ ಮಾಡ್ತಾರ."

"ಸಾವಿರ ದನಾ ಅಂದಿ. ಬಾಗಲದಾಗ ಬಂದು ನಿಂತಾವು. ಕರದು ಹೊಲದಾಗ ಕುಂದ್ರಿಸ್ಕೊಳ್ಳೂದು ಬಿಟ್ಟು ಬಂದೂಕ ತಗೀತಾರಂದ್ರ ಅವ್ರಿಗೆ ಬುದ್ಧಿ ಐತೇನು?"

"ಅಲ್ಲಿ ಹೊಲಾ ಇಲ್ಲಜ್ಜಾ."

"ಹೊಲಾ ಇಲ್ಲದ ಊರಾಗ ಏನ ತಿಂತಾರ?"

"ಗುಂಡ," ಎಂದ ದರ್ಜಿ, ದಾರ ಪೋಣಿಸುತ್ತ. "ನಮ್ಮದೂ ಗಡಿ ಊರ ಐತಿ, ನಮಗ ಒಬ್ಬ ಫೌಜದಾರ ಸೈತ ಇಲ್ಲ. ಊರ ಲೆಕ್ಕಾ ಬರಿಯೂ ತಲಾಠಿ ಒಬ್ಬಾಂವ, ಅಂವನೂ ಮಂಗಳವಾರಕ್ಕೊಮ್ಮೆ."

ಆಗ ಒಳಗಿನಿಂದ ಅತ್ತೆಯ ದನಿ ಬಂತು. "ಏ, ಅವರಿಗೆ ಹೇಳು. ದನಾ ಕಾಯಾವ್ರು ನೆಟ್ಟಗ ಕಾದ್ರ ಯಾರೂ ತಡಿಯೂದಿಲ್ಲಂತ. ಹೋದ ವರ್ಷ ಏನೇನ ತಿಂದ ಹೋದಾವಂತ ಆ ಊರ ಮಂದಿನ್ನ ಕೇಳು."

ಕುರಿಗಾರ ನನ್ನನ್ನೇ ನೋಡಿದ. "ತಮ್ಮಾ, ಅಕ್ಕಾರಿಗೆ ಹೇಳು. ಬಣವಿ ಹೊಲದಾಗ ಒಟ್ಟಿ, ಬೇಲಿ ಹಾಕದನ ಮಕ್ಕೊಂಡ್ರ ಅದು ಕುರಿ ತಪ್ಪೇನು? ತಿನಬ್ಯಾಡಂತ ಕುರಿಗೆ ಬರದ ಇಟ್ಟಿದ್ರೇನು?"

ಅಂದಿನಿಂದ ನನಗೆ ಎರಡು ಭಾಷಾಂತರ: ಇಂಗ್ಲಿಷಿನಿಂದ ಕನ್ನಡಕ್ಕೊಂದು, ಕನ್ನಡದಿಂದ ಕನ್ನಡಕ್ಕೊಂದು. ಎರಡನೆಯದೇ ಕಷ್ಟದ್ದು. ಒಬ್ಬರ ಮಾತು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಆದರೂ ನಾನು ಬೀದಿಯ ನಡುವೆ ನಿಂತು ಮತ್ತೆ ಹೇಳಿದ ಹೊರತು ಉತ್ತರ ಬರುತ್ತಿರಲಿಲ್ಲ. ನಾನು ಬೈಗುಳಗಳನ್ನು ಕಡಿಮೆ ಮಾಡಿ ಹೇಳಿದರೆ ಹೇಳಿದವರೇ ತಿದ್ದುತ್ತಿದ್ದರು.

ಅತ್ತೆ ರೇಡಿಯೋದ ದನಿಯನ್ನು ಬೇವಿನ ಗಿಡಕ್ಕೆ ಮುಟ್ಟುವಷ್ಟು ಏರಿಸುತ್ತಿದ್ದಳು ಎಂದು ನನಗೆ ನೆನಪಿದೆ. ಹಾಗೆ ನೆನಪಿರಲಿ ಎಂಬ ಆಸೆಯೂ ನನಗಿದೆ, ಆದ್ದರಿಂದ ಇದನ್ನು ಸಂಶಯದಿಂದಲೇ ಬರೆಯುತ್ತೇನೆ. ಬ್ಯಾಟರಿ ಇಳಿದಿದ್ದರೂ ಹಾಗೆ ಏರಿಸಬೇಕಾಗುತ್ತಿತ್ತು.

ಒಂದು ಶನಿವಾರ ದರ್ಜಿ ಸುದ್ದಿ ತಂದ. ವಳಸಂಗದ ರೈತನೊಬ್ಬ ಕುರಿಗಾರನನ್ನು ಕರೆದಿದ್ದಾನೆ, ಸೋಮವಾರ ಹಿಂಡು ಅಲ್ಲಿಗೆ ಹೊರಡುತ್ತದೆ, ಮಳೆಯವರೆಗೆ ಅಲ್ಲೇ. ಅತ್ತೆ ಬೆಲ್ಲ ಒಡೆಯುತ್ತಿದ್ದಳು. ಒಡೆಯುವುದನ್ನು ನಿಲ್ಲಿಸಲಿಲ್ಲ.

ಮರುದಿನವೇ ನಾಟಕದ ಕೊನೆಯ ಕಂತೂ ಇತ್ತೆಂದು ಬರೆಯಲು ಕೈ ಹೋಗುತ್ತದೆ. ಇದ್ದಿರಲಾರದು. ನಾವು ಕೇಳಿದ ಕಂತುಗಳಲ್ಲಿ ಅದು ಕೊನೆಯದು, ಅಷ್ಟೇ. ಆ ಸಂಜೆ ರೇಡಿಯೋ ಶುರುವಿನಿಂದಲೇ ಕರಕರ ಎನ್ನುತ್ತಿತ್ತು. ದನಗಳ ಕೂಗು, ಯಾರೋ ಗದರಿದ್ದು, ಒಂದರ ಹಿಂದೊಂದು ಗುಂಡಿನ ಸದ್ದು, ಆಮೇಲೆ ಬರೀ ಕರಕರ. ಮುಳ್ಳನ್ನು ಎಷ್ಟು ತಿರುಗಿಸಿದರೂ ಆ ಊರು ಮತ್ತೆ ಸಿಗಲಿಲ್ಲ.

"ಮುಂದ ಏನಾತು?" ಎಂದ ಕುರಿಗಾರ.

ನನಗೊಂದು ಹುಮ್ಮಸ್ಸು ಬಂತು. ಫೌಜದಾರ ಕೈಯೆತ್ತಿ ಬಂದೂಕು ಇಳಿಸಲು ಹೇಳಿದ, ಊರವರು ಗಾಡಿಗಳನ್ನು ಸರಿಸಿದರು, ದನಗಳು ಬೀದಿಯಲ್ಲಿ ಹಾದು ಊರ ಹೊರಗಿನ ಬಯಲಲ್ಲಿ ಕೂತವು, ಊರ ಹೆಂಗಸರು ರೊಟ್ಟಿ ಒಯ್ದರು ಎಂದು ಒಂದೇ ಉಸಿರಿಗೆ ಹೇಳಿದೆ. ರೊಟ್ಟಿ ಎಂದಾಗ ನಾನೇ ಒಂದು ಕ್ಷಣ ಅನುಮಾನಿಸಿದೆ.

ಕುರಿಗಾರ ಕಂಬಳಿ ಝಾಡಿಸಿ ಎದ್ದ. "ಸುಳ್ಳ ಹೇಳಬ್ಯಾಡ ತಮ್ಮಾ. ಗುಂಡ ಹಾರಿದ್ದು ನನಗೂ ಕೇಳಿಸೇತಿ. ಇಂಗ್ಲೀಷಿನಾಗ ಹಾರಿದ್ರೂ ಗುಂಡ ಗುಂಡನ."

ದರ್ಜಿ ನಕ್ಕ. ಕುರಿಗಾರ ಕಂಬಳಿ ಹೆಗಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಹೋಗಿದ್ದ. ಅತ್ತೆ ಕಟ್ಟೆಗೆ ಬಂದಳು, ಕೈಯಲ್ಲಿ ಬೆಲ್ಲದ ಜಿಗುಟು.

"ಮಾಮಾ, ಬಣವಿ ಈ ಸಲ ಮನಿ ಹಿತ್ತಲದಾಗ ಒಟ್ಟೇನಿ."

ಅವನು ನಿಂತ. ನಾನು ಅಭ್ಯಾಸಬಲದಿಂದ ಅದನ್ನೇ ಮತ್ತೆ ಹೇಳಲು ಬಾಯಿ ತೆರೆದೆ; ಇಬ್ಬರೂ ನನ್ನ ಕಡೆ ನೋಡಲಿಲ್ಲ.

"ಎಂದ ಒಟ್ಟಿದ್ರಿ?"

"ಸುಗ್ಗಿ ಮುಗದ ಕೂಡ್ಲೆ."

"ಅಷ್ಟೂ?"

"ಅಷ್ಟೂ. ಆರ ಗಾಡಿ ಆತು."

ಸುಗ್ಗಿ ಮುಗಿದ ಕೂಡಲೇ ಎಂದರೆ ಎರಡು ತಿಂಗಳ ಹಿಂದೆ. ಆಗ ನಾನಿನ್ನೂ ಸಾಂಗ್ಲಿಯಲ್ಲಿ ಪರೀಕ್ಷೆ ಬರೆಯುತ್ತಿದ್ದೆ, ಫೌಜದಾರನ ಊರಿನ ದನಿ ಇಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ನನ್ನ ಭಾಷಾಂತರ ಇಬ್ಬರನ್ನು ಕೂಡಿಸಿತೆಂದು ಮುಂದೆ ಎಷ್ಟೋ ವರ್ಷ ಗೆಳೆಯರ ಮುಂದೆ ಹೇಳಿಕೊಂಡು ತಿರುಗಿದೆ. ಆರು ಗಾಡಿ ಕಣಿಕೆಯ ಮಾತನ್ನು ಪ್ರತಿ ಸಲವೂ ಬಿಟ್ಟೇ ಹೇಳಿದೆ. ಅವಳು ಹೊಲವನ್ನು ಅವನಿಗಾಗಿ ತೆರವು ಮಾಡಿಟ್ಟು ಆಗಿತ್ತು. ಹೇಳುವುದಷ್ಟೇ ಬಾಕಿ ಇತ್ತು, ಅದಕ್ಕೆ ಎರಡು ತಿಂಗಳು ಹಿಡಿಯಿತು.

"ವಳಸಂಗದಾಂವಗ ಮಾತ ಕೊಟ್ಟೇನ್ರಿ ಅಕ್ಕಾರ."

"ಕೊಟ್ರ ಕೊಡ್ರಿ. ಅವನ ಹೊಲಾ ಎಲ್ಲಿ ಓಡಿ ಹೋಗತೈತಿ?"

"ಮೂರ ರಾತ್ರಿ ಕುಂದ್ರಸ್ತೀನಿ."

"ಐದು."

"ನಾಲ್ಕು. ಆಂವಾ ನನ್ನ ಬೈತಾನ್ರಿ."

"ನಾನೂ ಬೈದೇನಲ್ಲ," ಎಂದಳು ಅತ್ತೆ. ಅದು ಕ್ಷಮೆ ಕೇಳಿದ್ದೋ ಬೆದರಿಸಿದ್ದೋ, ನನಗೆ ಈಗಲೂ ತಿಳಿಯದು. ಅವನಿಗೆ ತಿಳಿದಿರಬೇಕು, ಬೀದಿ ದಾಟಿ ಬಂದು ಕಟ್ಟೆಯ ಮೇಲೆ ಕೂತು ನೀರು ಕೇಳಿದ.

ಸೋಮವಾರ ಹೊತ್ತು ಇಳಿಯುವಾಗ ರೊಟ್ಟಿಯ ಬುಟ್ಟಿ ನಾನು ಹೊತ್ತೆ, ಅತ್ತೆ ಮುಂದೆ ನಡೆದಳು. ಹಿಂಡು ಆಗಲೇ ಹೊಲದ ಬದುವಿಗೆ ಬಂದಿತ್ತು. ಧೂಳು, ಉಣ್ಣೆಯ ವಾಸನೆ, ತಾಯಿಯನ್ನು ಹುಡುಕುವ ಮರಿಗಳ ಕೂಗು.

"ಮೊದಲ ಆ ಕಲ್ಲ ಮೂಲಿಗೆ ಕುಂದ್ರಸ್ರಿ ಮಾಮಾ. ಅಲ್ಲಿ ಏನೂ ಬರವಲ್ದು."

"ಹೋದ ವರ್ಷ ಅಲ್ಲೇ ಕುಂದ್ರಸ್ತೀನಿ ಅಂದಿದ್ದೆ. ನೀವು ಬ್ಯಾಡಂದ್ರಿ."

"ಹೋದ ವರ್ಷದ್ದು ತಗೀಬ್ಯಾಡ್ರಿ."

ಅವನು ನಾಲಗೆಯಿಂದ ಒಂದು ಸದ್ದು ಮಾಡಿದ. ಮುಂದಿನ ಟಗರು ತಿರುಗಿತು, ಉಳಿದವು ಅದರ ಹಿಂದೆ ಹರಿದು ಬಂದು, ಒಂದನ್ನೊಂದು ಒತ್ತಿಕೊಂಡು, ಆ ಕಲ್ಲಿನ ಮೂಲೆಯಲ್ಲಿ ಮೊಣಕಾಲೂರಿ ಕೂತವು. ಅತ್ತೆ ಕೊನೆಯ ಕುರಿ ಕೂರುವವರೆಗೆ ನಿಂತು ನೋಡಿದಳು. ಆಮೇಲೆ ಬುಟ್ಟಿ ಇಳಿಸಲು ಹೇಳಿದಳು.