ಅರಕಲಗೂಡಿನ ಪ್ರಾರ್ಥನೆಯಲ್ಲಿ ಬಂದ ಹೆಸರು

ದೇವರು ತಮಗೆ ಇಂಥದ್ದೇ ಮಾತು ಹೇಳಿದ ಎನ್ನುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ವಾರವಿಡೀ ಹಾಸನದ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿ, ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳ ಕಷ್ಟ ಕೇಳುವ ಆಪ್ತಸಮಾಲೋಚಕನಾಗಿ ಕೂತು, ಭಾನುವಾರ ಅರಕಲಗೂಡಿನಲ್ಲಿ ಹತ್ತು ಹನ್ನೆರಡು ಜನರ ಸಭೆ ನಡೆಸುವ ಪಾದ್ರಿ ನಾನು. ಪಾದ್ರಿಯೇ ಹೀಗೆಂದರೆ ಹೇಗೆ ಎಂದು ನೀವು ಕೇಳಬಹುದು. ಪ್ರಾರ್ಥನೆಯನ್ನು ನಂಬುತ್ತಿದ್ದೆ, ಪವಾಡದ ಕಥೆ ಹೇಳುವವರನ್ನು ನಂಬುತ್ತಿರಲಿಲ್ಲ, ಅಷ್ಟೆ.

ಕೆಲವು ವರ್ಷಗಳ ಹಿಂದಿನ ಒಂದು ಶನಿವಾರ ಮಧ್ಯಾಹ್ನ. ಕೋಣೆಗೆ ಬೀಗ ಹಾಕುತ್ತಿದ್ದಾಗ ಒಬ್ಬ ಹುಡುಗಿ ಬಂದು ನಿಂತಳು. ನನ್ನ ತರಗತಿಯವಳಲ್ಲ. "ಐದ್ ನಿಮ್ಷ ಮಾತಾಡ್ಬೇಕಿತ್ತು ಸಾ" ಎಂದಳು. ಹೊಳೆನರಸೀಪುರದ ಒಂದು ಮನೆಯಲ್ಲಿ ಪ್ರಾರ್ಥನೆಯಿತ್ತು, ಬಸ್ಸಿನ ಹೊತ್ತಾಗಿತ್ತು. "ಸೋಮವಾರ ಬಾಮ್ಮ" ಎಂದುಬಿಟ್ಟೆ. ಹೆಸರನ್ನೂ ಕೇಳಲಿಲ್ಲ. ಅವಳು ತಲೆಯಾಡಿಸಿ ಹೋದಳು. ಬಸ್ಸಿನಲ್ಲಿ ಕೂತ ಮೇಲೆ, ಅಷ್ಟು ಬೇಗ ಒಪ್ಪಿಕೊಂಡು ಹೋದದ್ದು ಯಾಕೋ ಮನಸ್ಸಿಗೆ ಸರಿಬರಲಿಲ್ಲ.

ಮರುದಿನ ಸಭೆ ಮುಗಿಸಿ ಮಾರ್ಥಮ್ಮನವರ ಮನೆಯಲ್ಲಿ ಊಟಕ್ಕೆ ಕೂತೆವು. ಸಭೆ ನಡೆಯುವುದೂ ಅವರ ಹಜಾರದಲ್ಲೇ. ಸಾರು ಬಡಿಸುತ್ತ ಕೇಳಿದರು: "ಅಯ್ಯನೋರೇ, ಆ ಭವ್ಯ ಯಾರು?"

"ಯಾವ ಭವ್ಯ?"

"ಅದೇ, ಭವ್ಯನ ಬಾಗ್ಲು ತೆಗ್ಸು ಕರ್ತನೇ ಅಂತ ಮೂರ್ ಸಲ ಕೇಳ್ಕಂಡ್ರಲ್ಲ."

ನಾನು ನಕ್ಕೆ. ಯಾರೂ ನಗಲಿಲ್ಲ. ಎಲ್ಲರೂ ಅದನ್ನು ಕೇಳಿಸಿಕೊಂಡಿದ್ದರು. ನನಗೆ ಮಾತ್ರ ಹಾಗೆ ಪ್ರಾರ್ಥಿಸಿದ ನೆನಪೇ ಇರಲಿಲ್ಲ. ಶನಿವಾರದ ಹುಡುಗಿ ಕಣ್ಣಮುಂದೆ ಬಂದಳು.

ಎಡಗೈಯಲ್ಲೇ ಕಾಲೇಜಿನ ಹುಡುಗಿಯರ ಹಾಸ್ಟೆಲಿನ ವಾರ್ಡನ್‌ಗೆ ಫೋನ್ ಮಾಡಿದೆ. ಭವ್ಯ ಎನ್ನುವವಳೊಬ್ಬಳಿದ್ದಾಳೆ, ಕಟ್ಟಾಯದ ಕಡೆಯವಳು, ಊಟಕ್ಕೆ ಬಂದಿಲ್ಲ ಎಂದರು. ದಯವಿಟ್ಟು ಈಗಲೇ ಹುಡುಕಿ ಎಂದೆ. ಫೋನ್ ಹಿಡಿದುಕೊಂಡೇ ಆಕೆ ಮಹಡಿ ಹತ್ತಿದ್ದು, ರೂಮಲ್ಲಿಲ್ಲ ಎಂದದ್ದು, ಟ್ರಂಕುಗಳನ್ನಿಡುವ ಕೋಣೆಯ ಬಾಗಿಲು ಬಡಿದದ್ದು ನನಗೆ ಕೇಳುತ್ತಿತ್ತು. "ಒಳ್ಗಿಂದ ಚಿಲ್ಕ ಹಾಕ್ಕಂಡವ್ಳೆ ಸಾ!" ಎಂದು ಕೂಗಿದರು. ಎಂಜಲು ಕೈ ಹಾಗೇ ಒಣಗಿತು. ಬಹಳ ಹೊತ್ತಿನ ಮೇಲೆ ಚಿಲಕ ಸರಿದ ಸದ್ದು ಕೇಳಿತು, ಆಮೇಲೆ ಅಳು.

ಹುಡುಗಿ ಉಳಿದಳು. ಅಲ್ಲಿಗೆ ಯಾಕೆ ಹೋಗಿದ್ದಳೆಂದು ಮುಂದೆ ನನ್ನ ಕೋಣೆಯಲ್ಲಿ ಕೂತು ಹೇಳಿಕೊಂಡಳು. ಅದು ಆ ಕೋಣೆಯಲ್ಲೇ ಇರಲಿ.

ಹೆಸರನ್ನು ಶನಿವಾರ ಬಾಗಿಲಲ್ಲಿ ನಿಂತಿದ್ದಾಗಲೇ ಅವಳ ಕೊರಳಿನ ಐಡಿ ಕಾರ್ಡಿನಲ್ಲಿ ಅರಿವಿಲ್ಲದೆಯೇ ಓದಿರಬೇಕು. ಇಂಥದ್ದಕ್ಕೆ ಮನಶ್ಶಾಸ್ತ್ರದಲ್ಲಿ ವಿವರಣೆಯಿದೆ, ನಾನೇ ಪಾಠ ಮಾಡುತ್ತೇನೆ. ಆದರೆ ಬಾಗಿಲು? ಅವಳು ಚಿಲಕ ಹಾಕಿಕೊಂಡದ್ದು ಹಾಸ್ಟೆಲಿನ ಊಟದ ಬೆಲ್ ಆದ ಮೇಲಂತೆ. ನನ್ನ ಪ್ರಾರ್ಥನೆ ಅದಕ್ಕಿಂತ ಎಷ್ಟೋ ಮೊದಲೇ ಮುಗಿದಿತ್ತು.

ಈಗ ಯಾರಿಗೂ ಸೋಮವಾರ ಬಾ ಎನ್ನುವುದಿಲ್ಲ. ಪ್ರತಿ ಭಾನುವಾರ ಆಮೆನ್ ಎಂದ ಕೂಡಲೇ ಕಣ್ಣು ಬಿಟ್ಟು ಮಾರ್ಥಮ್ಮನವರ ಮುಖ ನೋಡುತ್ತೇನೆ. "ಯಾರ್ ಹೆಸ್ರೂ ಬರ್ಲಿಲ್ಲ, ಊಟ ಮಾಡಿ ಅಯ್ಯನೋರೇ" ಎನ್ನುತ್ತಾರೆ. ಎಲ್ಲರೂ ಸುಖವಾಗಿದ್ದಾರೆಂದು ಅದರ ಅರ್ಥವೋ, ಈ ಸಲ ನನಗೆ ತಿಳಿಸಲಿಲ್ಲವೆಂದೋ, ಗೊತ್ತಾಗದೆಯೇ ಹಾಸನದ ಬಸ್ಸು ಹತ್ತುತ್ತೇನೆ.