ಇಸ್ತ್ರಿ ಮಾಮನ ದುಡ್ಡು ಕಡಲು ದಾಟಿದ್ದು

ಕಡಲಾಚೆಯ ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ, ಬೆಳಗೋ ಬೈಗೋ ತಿಳಿಯದ ಹಬೆಯೊಳಗೆ, ಇಪ್ಪತ್ತೆರಡು ವರ್ಷ ಇಸ್ತ್ರಿ ಮಾಡಿದವನೊಬ್ಬನಿದ್ದ. ಅಡುಗೆಯವರಿಂದ ಹಿಡಿದು ಬಾಗಿಲು ಕಾಯುವವರವರೆಗೆ ಎಲ್ಲರ ಬಾಯಲ್ಲೂ ಅವನು ಇಸ್ತ್ರಿ ಮಾಮ. ಕೆಲಸ ಮಾಡುತ್ತ ಮಾಡುತ್ತ ಅವನ ಕಣ್ಣು ಅರ್ಧ ಮುಚ್ಚುತ್ತಿತ್ತು. ಆಗ ಬಿಳಿ ಚಾದರ ಕಡಲಾಗುತ್ತಿತ್ತು, ಇಸ್ತ್ರಿ ಪೆಟ್ಟಿಗೆ ಹಡಗಾಗುತ್ತಿತ್ತು, ಆಚೆ ದಡದಲ್ಲಿ ತಂಗಿ ಕೈ ಬೀಸುತ್ತ ನಿಂತಿರುತ್ತಿದ್ದಳು.

ಈಗ ನಿಜವಾಗಿಯೂ ಊರಿಗೆ ಹೊರಟು ನಿಂತಿದ್ದ. ಅಣ್ಣ ತಂಗಿ ಸೇರಿ ಇಸ್ತ್ರಿ ಅಂಗಡಿ ಇಡಬೇಕು. ಬೀದಿಯ ಮೂಲೆಯಲ್ಲೊಂದು ಕೋಣೆಯನ್ನು ತಂಗಿ ನೋಡಿಯೂ ಇಟ್ಟಿದ್ದಳು. ಆದರೆ ಅದರ ಒಡೆಯ, ಬೀಗ ರಿಪೇರಿ ಮಾಡುವ ಮುದುಕ, ಶುಕ್ರವಾರ ಸಂಜೆಯೊಳಗೆ ಮುಂಗಡ ಪೂರ್ತಿ ಬರದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ ಎಂದಿದ್ದ. ಆ ಮುಂಗಡವೂ ಮಾಮನ ಉಳಿತಾಯವೂ ಹೆಚ್ಚುಕಮ್ಮಿ ಸರಿಸಮ. ದಾರಿಯಲ್ಲಿ ತುಸು ಹೆಚ್ಚು ಸೋರಿದರೂ ಕೋಣೆ ಕೈ ತಪ್ಪುತ್ತಿತ್ತು.

ಬ್ಯಾಂಕಿನ ಹೆಂಗಸು ಊರಿಗೆ ಹಣ ಕಳಿಸುವ ಖರ್ಚು ಸೊನ್ನೆ ಎಂದಳು. ಹಣ ಬದಲಿಸುವ ಅಂಗಡಿಯವನು ತನ್ನಲ್ಲಿರುವಂಥ ದರ ಎಲ್ಲೂ ಸಿಗದು ಎಂದ. ಮಾಮನ ಜೊತೆ ಒಂದೇ ಕೋಣೆಯಲ್ಲಿದ್ದ ಅಡುಗೆಯವನು ಫೋನಿನಲ್ಲಿ ಒಂದು ಆ್ಯಪ್ ತೋರಿಸಿದ; ಅದು ತನ್ನ ಶುಲ್ಕ ಇಷ್ಟು ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿತ್ತು. ಹೊಸ ಬಟ್ಟೆ ಎಷ್ಟು ಕುಗ್ಗುತ್ತದೆಂದು ತಿಳಿಯಲು ಮೊದಲು ಒಂದು ತುಂಡನ್ನು ನೀರಿಗೆ ಹಾಕುವವನು ಮಾಮ. ಸೋಮವಾರ ಮೂರೂ ಕಡೆಯಿಂದ ಒಂದೇ ಅಳತೆಯ ಚಿಕ್ಕ ಚಿಕ್ಕ ಮೊತ್ತ ಕಳಿಸಿದ.

"ದುಡ್ಡನ್ನೂ ನೆನೆಹಾಕ್ತೀರಲ್ಲ ಮಾಮಾ," ಅಂದ ಅಡುಗೆಯವ. "ಇನ್ನು ಗಂಜಿ ಹಾಕೋದೊಂದು ಬಾಕಿ."

ಬುಧವಾರ ತಂಗಿ ಫೋನಿನಲ್ಲಿ ಲೆಕ್ಕ ಒಪ್ಪಿಸಿದಳು. ಖರ್ಚೇ ಇಲ್ಲವೆಂದ ಬ್ಯಾಂಕಿನ ದುಡ್ಡೇ ಎಲ್ಲಕ್ಕಿಂತ ಹೆಚ್ಚು ಕುಗ್ಗಿತ್ತು. ಶುಲ್ಕ ಬಿಟ್ಟು, ಹಣ ಬದಲಿಸುವ ದರದಲ್ಲಿ ಕತ್ತರಿ ಆಡಿಸಿದ್ದರು. ಶುಲ್ಕ ಕೇಳಿದ ಆ್ಯಪೇ ಹೆಚ್ಚು ಮುಟ್ಟಿಸಿತ್ತು.

ಗುರುವಾರ ಪೂರ್ತಿ ಹಣ ಕಳಿಸಹೊರಟರೆ ಆ್ಯಪ್ ಅಡ್ಡ ನಿಂತಿತು. ದೊಡ್ಡ ಮೊತ್ತ, ಎಲ್ಲಿಂದ ಬಂತು, ಕಳೆದ ಆರು ತಿಂಗಳ ಸಂಬಳದ ಚೀಟಿ ತೋರಿಸು ಎಂದಿತು. ಮಾಮ ಹಣೆ ಹಣೆ ಚಚ್ಚಿಕೊಂಡ. ಅಂಗಿ ಮಡಿಸುವಾಗ ಮುದುರದಿರಲೆಂದು ಬೆನ್ನಿಗೆ ರಟ್ಟೋ ಕಾಗದವೋ ಕೊಡುವುದು ಅವನ ಕೈಗಂಟಿದ ಅಭ್ಯಾಸ. ಹೋಟೆಲಿನ ರಟ್ಟನ್ನು ಸ್ವಂತಕ್ಕೆ ಮುಟ್ಟದ ನಿಯತ್ತಿನವನು, ತನ್ನ ಅಂಗಿಗಳಿಗೆ ಸಂಬಳದ ಚೀಟಿಗಳನ್ನೇ ಇಟ್ಟು ಮಡಿಸಿದ್ದ. ಅಂಗಡಿ ತೆರೆದ ಮೇಲೆ ದಿನಕ್ಕೊಂದು ತೊಡಲೆಂದು ಮೂವತ್ತು ಅಂಗಿಗಳು ಸೂಟ್‌ಕೇಸಿನಲ್ಲಿ ಗರಿಗರಿಯಾಗಿ ಕೂತಿದ್ದವು. ಯಾವುದರ ಬೆನ್ನಿಗೆ ಯಾವ ತಿಂಗಳೋ, ದೇವರೇ ಬಲ್ಲ.

"ಬಿಚ್ಚಿ ಮಾಮಾ," ಎಂದ ಅಡುಗೆಯವ.

"ಬಿಚ್ಚಿದ ಅಂಗಿ ಮತ್ತೆ ಹಾಗೇ ಕೂರಲ್ಲ ಕಣೋ."

"ಕೋಣೆನೇ ಹೋದ್ರೆ ಅಂಗಿ ಹಾಕ್ಕೊಂಡು ಎಲ್ಲಿ ನಿಂತ್ಕೋತೀರಿ?"

ಮಾಮ ಗುಂಡಿ ಬಿಚ್ಚತೊಡಗಿದ. ಒಂದೊಂದು ಅಂಗಿಯಿಂದ ಒಂದೊಂದು ತಿಂಗಳು ಉದುರಿತು. ಜ್ವರ ಬಂದು ಅರ್ಧ ಸಂಬಳ ಸಿಕ್ಕ ತಿಂಗಳು. ತಂಗಿಯ ಕಣ್ಣಿನ ಆಪರೇಶನ್ನಿಗೆ ಎರಡು ಪಾಳಿ ದುಡಿದ ತಿಂಗಳು. ಏನೂ ನಡೆಯದ, ಬರೀ ಹಬೆಯಂತೆ ಹಾದುಹೋದ ಎಷ್ಟೋ ತಿಂಗಳು. ಮಂಚ, ಕುರ್ಚಿ, ಕಿಟಕಿ ತುಂಬ ಅಂಗಿಗಳು ತೋಳು ಇಳಿಬಿಟ್ಟು ಒರಗಿದವು. ಇಷ್ಟು ವರ್ಷದ ತಾನೇ ಮನೆ ತುಂಬ ನೆಂಟನಾಗಿ ಬಂದು ಕೂತಂತೆ ಮಾಮನಿಗೆ ಕಂಡಿತು. ಅಡುಗೆಯವ ಬೇಕಾದ ಆರು ಚೀಟಿ ಹೆಕ್ಕಿ, ಫೋಟೋ ತೆಗೆದು ಕಳಿಸಿದ.

ಮರುದಿನ ಮಧ್ಯಾಹ್ನ ಮಾಮ ಮುದುರಿದ ಅಂಗಿಯಲ್ಲೇ ಕೆಲಸಕ್ಕೆ ನಿಂತಿದ್ದಾಗ ಫೋನ್ ಬಂತು. ಊರಲ್ಲಾಗಲೇ ಸಂಜೆ. ದುಡ್ಡು ಮುಟ್ಟಿತೇ ಎಂದು ಕೇಳಲು ಬಾಯಿ ತೆರೆದ.

"ಮಾತಾಡಬೇಡ ಅಣ್ಣಾ, ಕೇಳಿಸ್ಕೋ," ಎಂದಳು ತಂಗಿ.

ಫೋನಿನಾಚೆ ಬೀಗದ ಮುದುಕ ಕೆಮ್ಮಿದ. ಬೀಗದ ಕೈ ತಿರುಗಿತು. ಆಮೇಲೆ ತುಕ್ಕು ಹಿಡಿದ ಶಟರ್, ಗೊಣಗುತ್ತ ಗೊಣಗುತ್ತ, ಮೇಲೇರಿತು.

"ಒಳಗೆ ಮೊಣಕಾಲುದ್ದ ಧೂಳಿದೆ," ಎಂದಳು. "ಬೇಗ ಬಾ."